ಮಠದ ಮೌನ ಬೇಕು, ಗಂಟೆ ಮಾತ್ರ ಬೇಡವೇ?

ನಮ್ಮ ಐಟಿ ಜನಕ್ಕೆ ಹೊಸದೊಂದು ತೀರ್ಥಯಾತ್ರೆ ಸಿಕ್ಕಿದೆ. ಯಾವುದಾದರೂ ಆಶ್ರಮದಲ್ಲೋ ಕ್ರೈಸ್ತ ಮಠದಲ್ಲೋ ಎರಡು ರಾತ್ರಿ ಫೋನ್ ಆಫ್ ಮಾಡಿ ಕೂರುವುದು, ಸೋಮವಾರ ಆಫೀಸಿಗೆ ಬಂದು "ರೀಚಾರ್ಜ್ ಆದೆ" ಎನ್ನುವುದು. ನಾನೂ ಹೋದವನೇ. ಕಳೆದ ವರ್ಷ ಬೆಂಗಳೂರಿನ ಕೆಂಗೇರಿಯ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠದಲ್ಲಿ ಎರಡು ದಿನ ಇದ್ದು ಸಯನ್‌ಗೆ ಮರಳಿದೆ. ಅಂದಿನಿಂದ ಈ "ರೀಚಾರ್ಜ್" ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಬ್ಯಾಟರಿ ತುಂಬಿಸುವುದು ಮತ್ತೆ ಖಾಲಿ ಮಾಡುವುದಕ್ಕೆ. ಮಠ ಇರುವುದು ಅದಕ್ಕಲ್ಲ.

ಅಲ್ಲಿ ನಾನು ಕಂಡದ್ದು ಇಷ್ಟೇ. ವಯಸ್ಸಾದ ಸನ್ಯಾಸಿಯೊಬ್ಬರು ಗಿಡಗಳಿಗೆ ನೀರು ಬಿಡುತ್ತಿದ್ದರು. ಗಂಟೆ ಹೊಡೆಯಿತು. ಇನ್ನೆರಡು ಪಾತಿ ಬಾಕಿ ಇತ್ತು. ಅವರು ನಲ್ಲಿ ನಿಲ್ಲಿಸಿ, ಪೈಪು ಸುತ್ತಿಟ್ಟು, ಕೈ ತೊಳೆದು ಪ್ರಾರ್ಥನೆಗೆ ಹೋದರು. "ಇದೊಂದು ಮುಗಿಸಿ ಬರ್ತೀನಿ" ಎನ್ನಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಅತಿ ಹೆಚ್ಚು ಬಾರಿ ಹೇಳಿರುವ ವಾಕ್ಯ ಅದೇ.

ಆರನೇ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಒಂದು ನಿಯಮ ಬರೆದ. ಅದರಲ್ಲಿ 73 ಅಧ್ಯಾಯಗಳು. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿರುವುದನ್ನು ಬಿಟ್ಟು ಹೊರಡಬೇಕು ಎನ್ನುತ್ತದೆ 43ನೆಯದು. ಹಗಲಿನಲ್ಲಿ ಏಳು ಸಲ, ರಾತ್ರಿ ಒಂದು ಸಲ. ವಾರಕ್ಕೊಮ್ಮೆ 150 ಕೀರ್ತನೆಗಳೂ ಮುಗಿಯಬೇಕು. 48ನೆಯದು ಸೋಮಾರಿತನ ಆತ್ಮದ ಶತ್ರು ಎನ್ನುತ್ತದೆ. ಆದರೆ ಅದೇ ಅಧ್ಯಾಯ ದುಡಿಮೆಗೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಎಂದು ಅಳೆದು ಕೊಡುತ್ತದೆ. ಅಶಕ್ತರನ್ನು ಕೆಲಸದ ಭಾರದಿಂದ ಜಜ್ಜಬೇಡಿ ಎಂದೂ ಹೇಳುತ್ತದೆ.

ನಾವು ಇದರಲ್ಲಿ ಎತ್ತಿಕೊಂಡದ್ದು ಮೊದಲರ್ಧ ಮಾತ್ರ. ಕಾಯಕದ ಗತಿಯೂ ಅದೇ ಆಯಿತಲ್ಲ! ಶರಣರ ಕಾಯಕ ತತ್ವವನ್ನು ಫ್ರೇಮ್ ಹಾಕಿಸಿ ರಿಸೆಪ್ಶನ್‌ನಲ್ಲಿ ತೂಗುಹಾಕುತ್ತೇವೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಯಾರೂ ತೂಗುಹಾಕುವುದಿಲ್ಲ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಾಕೆ ಅವಳು. ಕಾಯಕಕ್ಕೆ ಅವಳು ಹಾಕಿದ ಗೆರೆ ಅದು. ಗೆರೆ ಅಳಿಸಿದ ಮೇಲೆ ಉಳಿಯುವುದು ಕಾಯಕವಲ್ಲ, ಜೀತ.

ಸ್ಕ್ರಮ್‌ನಲ್ಲಿ ನಾವು ಮೀಟಿಂಗ್‌ಗಳಿಗೆ "ಸೆರೆಮನಿ" ಎನ್ನುತ್ತೇವೆ. ಪೂಜೆಯ ಹೆಸರಿದೆ, ಮುಗಿದಾಗ ಬಾರಿಸಲು ಗಂಟೆ ಇಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನನ್ನ ಟೀಮಿನಲ್ಲಿ ಉತ್ತರ ಕರ್ನಾಟಕದ ಹುಡುಗನೊಬ್ಬನಿದ್ದ. ತಂದೆಯ ಮೊದಲ ವರ್ಷದ ತಿಥಿಗೆಂದು ಊರಿಗೆ ಹೋಗಿದ್ದ. ರಿಲೀಸ್ ಹತ್ತಿರವಿತ್ತು, ಒಂದು ಬಗ್ ಬಂತು, ನಾನು ಫೋನ್ ಮಾಡಿದೆ. "ಸರ್, ಅರ್ಧ ಗಂಟೆ, ಪಿಂಡ ಇಡೋದು ಬಾಕಿ ಇದೆ" ಎಂದ. ನಾನು "ಓಕೆ, ಅರ್ಧ ಗಂಟೆ" ಎಂದೆ. ಹಾಗಂದವನು ನಾನೇ! ಅವನು ಪಿಂಡವಿಟ್ಟ ಕೈ ತೊಳೆದು ಲ್ಯಾಪ್‌ಟಾಪ್ ತೆರೆದ. ಆ ಬಗ್ ಎರಡು ದಿನ ಕಾಯಬಹುದಿತ್ತು. ನನಗದು ಆಗಲೂ ಗೊತ್ತಿತ್ತು. ಅವನು ಆರು ತಿಂಗಳಲ್ಲಿ ಕೆಲಸ ಬಿಟ್ಟ. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಸನ್ಯಾಸಿಗೇನು, ಇಎಂಐ ಇದೆಯೇ, ಅಮೆರಿಕದ ಕ್ಲೈಂಟ್ ಇದ್ದಾನೆಯೇ?" ಎಂದು ಗೆಳೆಯರು ಕೇಳುತ್ತಾರೆ. ಮಠಕ್ಕೂ ಅಡುಗೆಮನೆ ಇದೆ, ತೋಟವಿದೆ, ರೋಗಿಗಳಿದ್ದಾರೆ, ಹೇಳದೆ ಬರುವ ಅತಿಥಿಗಳಿದ್ದಾರೆ. ಕೆಲಸ ಅಲ್ಲೂ ಮುಗಿಯುವುದಿಲ್ಲ. ಮುಗಿಯುವುದಿಲ್ಲ ಎಂದು ಗೊತ್ತಿರುವುದರಿಂದಲೇ ಗಂಟೆ ಇಟ್ಟುಕೊಂಡಿದ್ದಾರೆ. ಬೆನೆಡಿಕ್ಟನ ನಿಯಮವೆಲ್ಲ ಬಂಗಾರವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಹೊಡೆತದ ಶಿಕ್ಷೆಯೂ ಇದೆ. ಅದು ನಮಗೆ ಬೇಡ. ಆದರೆ 64ನೇ ಅಧ್ಯಾಯವನ್ನು ಪ್ರತಿಯೊಬ್ಬ ಮ್ಯಾನೇಜರ್ ಓದಬೇಕು.

ಮಠಾಧಿಪತಿ ಹೇಗಿರಬೇಕೆಂದು ಹೇಳುವಾಗ ಬೆನೆಡಿಕ್ಟ್ ಅಲ್ಲಿ ಆದಿಕಾಂಡದ ಯಕೋಬನನ್ನು ನೆನೆಯುತ್ತಾನೆ. ಅಣ್ಣ ಏಸಾವ, ಬಾ, ಒಟ್ಟಿಗೆ ಹೊರಡೋಣ ಎಂದಾಗ ಯಕೋಬ ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಹಾಲುಣಿಸುವ ಕುರಿಗಳಿವೆ, ಒಂದು ದಿನ ಅತಿಯಾಗಿ ಓಡಿಸಿದರೂ ಹಿಂಡೆಲ್ಲ ಸತ್ತುಹೋದೀತು ಎನ್ನುತ್ತಾನೆ. ಅವನು ನಡೆದದ್ದು ಮಕ್ಕಳ ಹೆಜ್ಜೆಗೆ ತಕ್ಕಂತೆ. ನಾನು ಎಂಟೆಕ್‌ನಲ್ಲಾಗಲಿ ಸರ್ಟಿಫಿಕೇಶನ್‌ಗಳಲ್ಲಾಗಲಿ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಪ್ಲಾನಿಂಗ್ ಓದಿಲ್ಲ.

ಊರು ಬಿಟ್ಟು ಬಂದ ನಮಗಂತೂ ಇನ್ನೊಂದು ಮಾತಿದೆ. ಧರ್ಮೋಪದೇಶಕಾಂಡದಲ್ಲಿ ಸಬ್ಬತ್ತಿನ ವಿಶ್ರಾಂತಿ ಯಜಮಾನನಿಗಷ್ಟೇ ಅಲ್ಲ. ಆಳಿಗೆ, ಎತ್ತಿಗೆ, ಕತ್ತೆಗೆ, ಊರಲ್ಲಿರುವ ಪರದೇಶಿಗೂ ಇದೆ. ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ, ಮರೆಯಬೇಡ ಎಂಬುದು ಕಾರಣ. ಅಂದರೆ ನಿನ್ನ ವೀಕೆಂಡ್ ಮೌನಕ್ಕಿಂತ ಮೊದಲು ನಿನ್ನ ಕೈಕೆಳಗಿನವನ ರಜೆ. ಟೀಮನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿಟ್ಟು ತಾನು ಮಠಕ್ಕೆ ಹೋಗಿ ಕಣ್ಣು ಮುಚ್ಚುವುದು ಅಧ್ಯಾತ್ಮವಲ್ಲ, ಕಳ್ಳತನ.

ನಾನೀಗ ಪ್ಲಾನ್ ಬರೆಯುವಾಗ ಟೀಮಿನ ತಿಥಿ, ಮದುವೆ, ಜಾತ್ರೆಗಳ ದಿನಾಂಕ ಮೊದಲು ಬರೆದು, ರಿಲೀಸ್ ದಿನಾಂಕ ಆಮೇಲೆ ಹಾಕುತ್ತೇನೆ. ರಾತ್ರಿ ಎಂಟಾದ ಮೇಲೆ ಯಾರಿಗೂ ಫೋನಿಲ್ಲ. ಒಮ್ಮೆ ರಿಲೀಸ್ ಮೂರು ದಿನ ತಡವಾಯಿತು, ಮೇಲಿನವರಿಂದ ಬೈಸಿಕೊಂಡೆ. ಆಕಾಶ ಕಳಚಿ ಬೀಳಲಿಲ್ಲ.

ಸಯನ್‌ಗೆ ಮರಾಠಿಯಲ್ಲಿ ಶೀವ್ ಎನ್ನುತ್ತಾರೆ. ಶೀವ್ ಎಂದರೆ ಎಲ್ಲೆ. ಹಳೆಯ ಮುಂಬಯಿ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. ನಮ್ಮ ಸೀಮೆಯ ಬಳಗದ್ದೇ ಪದ. ಎಲ್ಲೆ ಎಂಬ ಹೆಸರಿನ ಊರಿನಲ್ಲೇ ಇಷ್ಟು ವರ್ಷ ಬಾಡಿಗೆ ಕಟ್ಟಿಕೊಂಡು, ದಿನದ ಕೆಲಸಕ್ಕೊಂದು ಎಲ್ಲೆ ಬೇಕೆಂದು ಕಲಿಯಲು ನಾನು ಕೆಂಗೇರಿಗೆ ಹೋಗಬೇಕಾಯಿತು. ನೀವು ಅಷ್ಟು ದೂರ ಹೋಗುವುದು ಬೇಡ. ಇವತ್ತು ಸಂಜೆ ಟೀಮಿನ ಯಾರಿಗೋ ಫೋನ್ ಮಾಡಲು ಕೈ ಹೋದಾಗ, ಅದನ್ನು ಕೆಳಗಿಡಿ.