ಜ್ವರ ಬಿಟ್ಟ ಮೇಲೆ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಕಡಲಿಗೆ ಬೆನ್ನು ಮಾಡಿ ಮೂಡಣಕ್ಕೆ ನಡೆದರೆ ಕೆಲವೇ ಹರದಾರಿಗಳಲ್ಲಿ ಘಟ್ಟದ ಕಾಡು ಎದುರಾಗುತ್ತದೆ. ಚಳಿಗಾಲದಲ್ಲಿ ಅಡಕೆ ತೋಟದವರು ಸೊಪ್ಪಿಗೂ ತರಗೆಲೆಗೂ ಬೆಟ್ಟ ಹತ್ತುವರು. ಮಂಗನ ಕಾಯಿಲೆಯನ್ನು ಹೊತ್ತ ಉಣುಗಿನ ಮರಿಗಳು ಕಾದಿರುವುದೂ ಆ ತರಗೆಲೆಯಲ್ಲಿಯೇ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದಾಗ ಈ ರೋಗದ ವೈರಸ್ ಬೆಳಕಿಗೆ ಬಂದಿತು. ರಷ್ಯದ ಕಾಡುಗಳಲ್ಲಿ ಮೆದುಳು ಜ್ವರವನ್ನು ತರುವ ವೈರಸ್ಸಿಗೆ ಇದು ದಾಯಾದಿ. ಎಚ್. ಇ. ವೆಬ್ ಮತ್ತು ಆರ್. ಎಲ್. ರಾವ್ ಎಂಬ ವೈದ್ಯರು ರೋಗಿಗಳನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನರಮಂಡಲದ ತೊಡಕುಗಳ ವರ್ಣನೆಯಿದೆ. ಇದೇ ವೆಬ್ ಮುಂದೆ ಇಂಗ್ಲೆಂಡಿನಲ್ಲಿ ಸಂಗಡಿಗರೊಡನೆ ಕ್ಯಾಸನೂರಿನ ವೈರಸ್ಸನ್ನೂ ಅದರ ಬಳಗದ ಇನ್ನೊಂದನ್ನೂ ರಕ್ತದ ಕ್ಯಾನ್ಸರ್ ಮೊದಲಾದವುಗಳಿಂದ ನರಳುತ್ತಿದ್ದ 28 ರೋಗಿಗಳ ಮೇಲೆ ಚಿಕಿತ್ಸೆಯೆಂದು ಪ್ರಯೋಗಿಸಿ 1966ರಲ್ಲಿ ವರದಿ ಮಾಡಿದರು. ಅಂಥ ಸಾಹಸಕ್ಕೆ ಇಂದಿನ ಆಸ್ಪತ್ರೆಗಳು ಸುಲಭವಾಗಿ ಒಪ್ಪಲಾರವು.

ಕಾಯಿಲೆಯ ನಡೆ ಬಹು ಕಪಟದ್ದು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜ್ವರ, ಸಹಿಸಲಾರದ ತಲೆನೋವು, ಮೈಕೈ ನೋವು, ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ. ಎರಡು ವಾರಗಳಲ್ಲಿ ಬಹುಮಂದಿ ಚೇತರಿಸಿಕೊಳ್ಳುವರು. ಆದರೆ ನೂರರಲ್ಲಿ 10ರಿಂದ 20 ಮಂದಿಗೆ ಮೂರನೆಯ ವಾರದಲ್ಲಿ ಜ್ವರ ಮರಳುತ್ತದೆ. ಈ ಸಲ ಅದು ಬರುವುದು ಮೆದುಳಿನ ದಾರಿಯಿಂದ: ತಲೆನೋವು, ಕೈನಡುಕ, ಮಂಜಾದ ದೃಷ್ಟಿ, ಬುದ್ಧಿಭ್ರಮೆ. ಗಂಜಿ ಉಂಡು ಜಗಲಿಯಲ್ಲಿ ಕುಳಿತಿದ್ದವನು ಅಸಂಬದ್ಧವಾಗಿ ಮಾತನಾಡತೊಡಗಿದರೆ ಮನೆಯವರು ಹೊಸದೊಂದು ಬೇನೆಯೆಂದು ಬಗೆಯುವುದು ಸಹಜ. ಹೊಸ ವೈದ್ಯರ ಮುಂದೆ ಹಳೆಯ ಜ್ವರದ ಮಾತು ಏಳದೆಯೇ ಹೋಗಬಹುದು. ಆ ಒಂದು ಮಾತನ್ನು ತಪ್ಪದೆ ಹೇಳತಕ್ಕದ್ದು. ಯಾವ ಪರೀಕ್ಷೆ ಮಾಡಿಸಬೇಕೆಂಬುದು ಅದರಿಂದಲೇ ವೈದ್ಯರಿಗೆ ಹೊಳೆಯುತ್ತದೆ.

ಈ ವೈರಸ್ಸನ್ನು ಕೊಲ್ಲುವ ಔಷಧಿ ಇನ್ನೂ ಸಿದ್ಧಿಸಿಲ್ಲ. ದೇಹದ ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಸೆಳೆತ ಬಂದರೆ ತಡೆಯುವುದು, ಇಷ್ಟೇ ಚಿಕಿತ್ಸೆ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಕೂಡದು. ಸಾಯುವವರು ನೂರಕ್ಕೆ 3ರಿಂದ 5. ಎರಡನೆಯ ಜ್ವರ ಬಂದವರಲ್ಲಿಯೂ ಅನೇಕರು ಗುಣಹೊಂದುವರು; ನಿಶ್ಶಕ್ತಿ ಮಾತ್ರ ಬಹುಕಾಲ ಬಿಡದು.

1990ರಿಂದ ಕೊಡುತ್ತಿದ್ದ ಲಸಿಕೆ ಸಾಲದೆಂದು ಕಂಡುಬಂದು 2022ರಲ್ಲಿ ನಿಂತಿತು. ಹೊಸದರ ಯತ್ನ ನಡೆದಿದೆ. ಸದ್ಯಕ್ಕೆ ಕಾಡಿಗೆ ಹೋಗುವವರಿಗೆ ಡೇಪಾ ತೈಲ, ಮೈತುಂಬ ಬಟ್ಟೆ, ಮರಳಿದೊಡನೆ ಬಿಸಿನೀರಿನ ಸ್ನಾನವೇ ಗತಿ. ರೋಗ ಉಲ್ಬಣಿಸಿದವರನ್ನು ಮಣಿಪಾಲದ ದೊಡ್ಡ ಆಸ್ಪತ್ರೆಗೆ ಒಯ್ಯುವುದುಂಟು. ಅಲ್ಲಿಗೆ ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಕುಮಟೆಯಿಂದ ಸುಮಾರು 150.