ಹಾರ್ಟ್ ಚೆಕಪ್ ಆಯ್ತು, ಮುಂದೇನು?

2025ರಲ್ಲಿ ಹಾಸನದ ಹಠಾತ್ ಸಾವುಗಳು ಸುದ್ದಿಯಾದಾಗ, ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಶಾಲಾ ಮಕ್ಕಳ ಹೃದಯ ತಪಾಸಣೆಯ ಮಾತೂ ಬಂತು. ಒಳ್ಳೆಯದೇ. ಆದರೆ ತಪಾಸಣೆಯಲ್ಲಿ ಏನೋ ಏರುಪೇರು ಕಂಡರೆ ಆ ಮಗುವನ್ನು ಎಲ್ಲಿಗೆ ಕರ್ಕೊಂಡು ಹೋಗಬೇಕು?

ಹೃದಯದ ಕಾಯಿಲೆ ಅಂದರೆ ನಮಗೆ ನೆನಪಾಗೋದು ಬ್ಲಾಕ್ ಮತ್ತು ಸ್ಟೆಂಟ್. ಎಳೆಯರಲ್ಲಿ ಬೇರೆ ಕಾರಣಗಳೂ ಇರುತ್ತವೆ: ಹುಟ್ಟಿನಿಂದ ಬಂದ ರಚನೆಯ ದೋಷ, ಇಲ್ಲವೇ ಹೃದಯ ಸ್ನಾಯುವಿನದೇ ಕಾಯಿಲೆಯಾದ ಕಾರ್ಡಿಯೋಮಯೋಪತಿ. ಕೆಲವರಿಗೆ ಎರಡೂ ಒಟ್ಟಿಗೇ ಇರುತ್ತವೆ. ಎಬ್‌ಸ್ಟೈನ್ ದೋಷದಲ್ಲಿ ಬಲಭಾಗದ ಕವಾಟ ಕೆಳಗೆ ಜಾರಿರುತ್ತದೆ. ಇಂಥ ಕೆಲವರಲ್ಲಿ ಎಡಭಾಗದ ಸ್ನಾಯುವೂ ಗಟ್ಟಿಯಾಗದೆ ಸ್ಪಂಜಿನಂತೆ ಉಳಿದಿರುತ್ತದೆ. ಕವಾಟವನ್ನಷ್ಟೇ ನೋಡಿ ಸುಮ್ಮನಾದರೆ ಅರ್ಧ ಕಾಯಿಲೆ ಲೆಕ್ಕಕ್ಕೇ ಸಿಗಲ್ಲ.

ಕೆಲವೊಮ್ಮೆ ಒಂದು ಇನ್ನೊಂದರ ವೇಷ ಹಾಕಿಕೊಂಡೂ ಬರುತ್ತದೆ. ಬಲ ಹೃತ್ಕುಕ್ಷಿ ಹಿಗ್ಗಿದೆ ಅಂತಿಟ್ಟುಕೊಳ್ಳಿ. ಅದು ಸ್ನಾಯುವಿನ ಕಾಯಿಲೆ ಇರಬಹುದು. ಶ್ವಾಸಕೋಶದಿಂದ ಬರುವ ರಕ್ತನಾಳವೊಂದು ತಪ್ಪು ಜಾಗಕ್ಕೆ ಸೇರಿ, ಬಲಭಾಗಕ್ಕೆ ಹೆಚ್ಚುವರಿ ರಕ್ತ ಸುರಿಯುತ್ತಲೂ ಇರಬಹುದು. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಆ ನಾಳ ಕಣ್ತಪ್ಪುವುದುಂಟು. ಮೊದಲನೆಯದಾದರೆ ಜೀವನವಿಡೀ ಎಚ್ಚರ, ಕೆಲವರಿಗೆ ಎದೆಯೊಳಗೊಂದು ಡಿಫಿಬ್ರಿಲೇಟರ್. ಎರಡನೆಯದನ್ನು ಆಪರೇಷನ್‌ನಿಂದ ಸರಿಪಡಿಸಬಹುದು.

ಕಾರ್ಡಿಯಾಕ್ ಎಂಆರ್‌ಐ ಕೆಲಸಕ್ಕೆ ಬರೋದು ಇಲ್ಲೇ. ಎಂಜಿನಿಯರಿಂಗ್ ಓದಿದ ನನಗೆ ಇದು ಮೊದಲಿಗೆ ಅಳತೆಯ ವಿಷಯ. ಶ್ವಾಸಕೋಶಕ್ಕೆ ಹೋಗುವ ರಕ್ತ ಎಷ್ಟು, ದೇಹಕ್ಕೆ ಹೋಗುವುದೆಷ್ಟು ಅಂತ ಈ ಯಂತ್ರ ಎರಡೂ ಕಡೆ ಅಳೆಯುತ್ತದೆ. ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಇಲ್ಲದಿದ್ದರೆ ಎಲ್ಲೋ ಅಡ್ಡದಾರಿ ಇದೆ ಎಂದರ್ಥ. ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಸ್ವಲ್ಪ ಹೊತ್ತು ಕಾದರೆ, ಸ್ನಾಯುವಿನೊಳಗಿನ ಕಲೆಗಳು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಎಕ್ಸ್‌ರೇ ವಿಕಿರಣವಿಲ್ಲ, ಹಾಗಾಗಿ ಮತ್ತೆ ಮತ್ತೆ ಪರೀಕ್ಷೆ ಬೇಕಾಗುವ ಮಕ್ಕಳಿಗೆ ಅನುಕೂಲ.

ಹಾಗಂತ ಎಲ್ಲರಿಗೂ ಎಂಆರ್‌ಐ ಮಾಡಿಸಿ ಎನ್ನುತ್ತಿಲ್ಲ. ಮೊದಲು ಇಸಿಜಿ, ಎಕೋ. ಅನುಮಾನ ಉಳಿದವರಿಗೆ ಮಾತ್ರ ಇದು. ಮಷೀನ್ ಇದ್ದರಷ್ಟೇ ಸಾಲದು. ಮಂಡಿ, ಮಿದುಳು ಅಲ್ಲಾಡದೆ ಇರುತ್ತವೆ, ಹೃದಯ ಬಡಿಯುತ್ತಲೇ ಇರುತ್ತದೆ. ಪ್ರತಿ ಬಡಿತಕ್ಕೆ ಚಿತ್ರವನ್ನು ಹೊಂದಿಸುವ ಸಾಫ್ಟ್‌ವೇರ್, ತರಬೇತಾದ ಟೆಕ್ನಿಶಿಯನ್, ಓದಿ ಅರ್ಥೈಸುವ ವೈದ್ಯರು ಬೇಕು.

2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳ ಜನ್ಮಜಾತ ಹೃದಯ ದೋಷವನ್ನು ಹುಡುಕುತ್ತದೆ. ಆಯುಷ್ಮಾನ್ ಭಾರತ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚು ನೋಡುತ್ತದೆ. ಇವೆರಡರ ನಡುವೆ, ಕಾಯಿಲೆ ಯಾವುದೆಂದು ತಿಳಿಯಲು ಹೊರರೋಗಿಯಾಗಿ ಅಲೆಯುವ ಕುಟುಂಬ ಸಿಕ್ಕಿಕೊಳ್ಳುತ್ತದೆ.

ದಾರಿ ನಮ್ಮಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ. ಅದೇ ಮಾದರಿಯಲ್ಲಿ ಕೆಲವು ಸರ್ಕಾರಿ ಕೇಂದ್ರಗಳಲ್ಲಿ ಸ್ಕ್ಯಾನ್ ಮಾಡಿ, ಜಯದೇವದ ತಜ್ಞರಿಂದ ಓದಿಸಬಹುದು. ಶಾಲಾ ತಪಾಸಣೆಗೆ ಹಣ ಇಡುವಾಗ ಈ ಎರಡನೇ ಹಂತಕ್ಕೂ ಹಣ ಇಡಿ ಅಂತ ನಮ್ಮ ಶಾಸಕರನ್ನು ಕೇಳೋಣ. ಇಲ್ಲದಿದ್ದರೆ ಮಕ್ಕಳ ಹೆಸರಿನ ಪಟ್ಟಿಯೊಂದು ಫೈಲಿನಲ್ಲಿ ಉಳಿಯುತ್ತದೆ ಅಷ್ಟೇ.