ಸೀಸದ ನೆರೆಯವನು

ನೀರಿಗೆ ಹಂಡೆ ಹೇಗೋ ವಿದ್ಯುತ್ತಿಗೆ ಕೆಪಾಸಿಟರು ಹಾಗೆ. ಬ್ಯಾಟರಿಯು ತನ್ನಲ್ಲಿರುವುದನ್ನು ಎಣಿಸಿ ಎಣಿಸಿ ಕೊಡುವ ಜಿಪುಣ. ಕೆಪಾಸಿಟರಾದರೋ ಕೂಡಿಟ್ಟುದನ್ನೆಲ್ಲ ಕಣ್ಣೆವೆ ಮುಚ್ಚುವುದರೊಳಗೆ ಸುರಿದುಬಿಡುವ ಧಾರಾಳಿ. ಛಾಯಾಚಿತ್ರಗಾರನ ಫ್ಲ್ಯಾಷ್ ದೀಪ ಥಟ್ಟನೆ ಮಿಂಚುವುದು ಈ ಧಾರಾಳತನದಿಂದಲೇ.

ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತನ್ನು ಹರಿಯಗೊಡದ ಒಂದು ಪದರ—ಇದೇ ಕೆಪಾಸಿಟರಿನ ರಚನೆ. ಮಕ್ಕಳು ಕಾಗೆಬಂಗಾರವೆಂದು ಆಯ್ದು ತರುವ ಅಭ್ರಕವೇ ಹಿಂದೆ ಆ ಪದರವಾಗಿತ್ತು. ಒಳ್ಳೆಯ ಅಭ್ರಕದ ಹಾಳೆಗಳಲ್ಲಿ ಬಹುಪಾಲು ಭಾರತದ ಗಣಿಗಳಿಂದಲೇ ಹೋಗುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಅಭಾವವುಂಟಾದಾಗ ಅಮೆರಿಕ, ಜಪಾನ್, ರಷ್ಯಗಳ ವಿಜ್ಞಾನಿಗಳು ಬೇರೆಬೇರೆಯಾಗಿಯೇ ಒಂದು ಹೊಸ ಪಿಂಗಾಣಿಯನ್ನು ಕಂಡುಕೊಂಡರು. ಅದೇ ಬೇರಿಯಂ ಟೈಟನೇಟ್. ಅಭ್ರಕಕ್ಕಿಂತ ಅದರ ಧಾರಣಗುಣ ನೂರಾರು ಪಟ್ಟು ಹೆಚ್ಚು.

ಆದರೆ ಸುಮಾರು 120 ಡಿಗ್ರಿ ಸೆಂಟಿಗ್ರೇಡ್ ದಾಟಿತೆಂದರೆ ಅದರ ಹರಳಿನ ರಚನೆಯೇ ಬದಲಾಗಿ ಆ ಗುಣ ಕುಗ್ಗತೊಡಗುತ್ತದೆ. ವಿಮಾನದ ಎಂಜಿನ್ನಿನ ಬದಿಯಲ್ಲಿ, ಆಳವಾದ ತೈಲಬಾವಿಯಲ್ಲಿ ದುಡಿಯಬೇಕಾದ ಉಪಕರಣಕ್ಕೆ ಇದು ಸಾಲದು. 1950ರ ದಶಕದಲ್ಲಿ ಬೆಳಕಿಗೆ ಬಂದ ಸೀಸಮಿಶ್ರಿತ ಪಿಂಗಾಣಿಗಳು ಇದಕ್ಕಿಂತ ಹೆಚ್ಚಿನ ಕಾವನ್ನು ತಾಳಿದವು.

ಸೀಸದ ಉಪಕಾರಕ್ಕೆ ತೆರಬೇಕಾದ ಬೆಲೆಯೂ ಉಂಟು. ಕುಲುಮೆಯಲ್ಲಿ ಅದು ಆವಿಯಾಗಿ ಕೆಲಸಗಾರರ ಉಸಿರನ್ನು ಸೇರಬಲ್ಲದು. ಎಳೆಯ ಮಕ್ಕಳ ರಕ್ತವನ್ನು ಹೊಕ್ಕರೆ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ; ಅಪಾಯವಿಲ್ಲದ ಪ್ರಮಾಣವೆಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುರೋಪಿನ ಒಕ್ಕೂಟವು 2006ರಿಂದ ವಿದ್ಯುನ್ಮಾನ ಸಾಧನಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಆದರೂ ಪಿಂಗಾಣಿಯೊಳಗಣ ಸೀಸಕ್ಕೆ ವಿನಾಯಿತಿ ಕೊಡಬೇಕಾಯಿತು. ಸರಿಸಮನಾದ ಬದಲಿ ದೊರೆತಿರಲಿಲ್ಲ!

ಬದಲಿಯನ್ನು ಹುಡುಕಿದವರ ಕಣ್ಣು ನೆರೆಮನೆಯ ಮೇಲೆ ಬಿದ್ದಿತು. ಮೂಲವಸ್ತುಗಳ ಸಾಲಿನಲ್ಲಿ ಸೀಸ 82ನೆಯದು, 83ನೆಯದು ಬಿಸ್ಮತ್. ಎಲೆಕ್ಟ್ರಾನುಗಳ ಹೊರಕವಚದಲ್ಲಿ ಎರಡಕ್ಕೂ ಒಂದೇ ಹೋಲಿಕೆ, ಸ್ವಭಾವದಲ್ಲಿ ಮಾತ್ರ ಬಿಸ್ಮತ್ ಸೌಮ್ಯ. ಹೊಟ್ಟೆಯ ತೊಂದರೆಗೆ ಕೊಡುವ ಔಷಧಿಗಳಲ್ಲಿಯೂ ಅದು ಸೇರಿರುತ್ತದೆ. ಸೋಡಿಯಂ, ಬಿಸ್ಮತ್, ಟೈಟೇನಿಯಂ ಕೂಡಿದ ಪಿಂಗಾಣಿಯನ್ನು ಲೆನಿನ್‌ಗ್ರಾಡಿನಲ್ಲಿ ಸ್ಮೊಲೆನ್‌ಸ್ಕಿ ಮತ್ತು ಸಂಗಡಿಗರು 1960ರ ಸುಮಾರಿಗೇ ವರ್ಣಿಸಿದ್ದರು. ಇಂದು ಅದಕ್ಕೆ ಬೇರೆ ಲವಣಗಳನ್ನು ಬೆರೆಸಿ, ಹರಳಿನೊಳಗಣ ಕ್ರಮವನ್ನು ಸೂಕ್ಷ್ಮ ತುಣುಕುಗಳಾಗಿ ಒಡೆಯುತ್ತಾರೆ. ಆಗ ಧಾರಣಗುಣ ಒಂದೇ ಉಷ್ಣತೆಗೆ ಕಟ್ಟುಬೀಳದೆ ಹರಡಿಕೊಳ್ಳುತ್ತದೆ. ಪ್ರಯೋಗಶಾಲೆಗಳಲ್ಲಿ 150 ಡಿಗ್ರಿಯನ್ನು ಮೀರಿಯೂ ಸ್ಥಿರವಾಗಿ ನಿಂತ ಮಿಶ್ರಣಗಳಿವೆ.

ತೊಡಕು ಇನ್ನೂ ಮುಗಿದಿಲ್ಲ. ಬೇಯಿಸುವಾಗ ಬಿಸ್ಮತ್ ಕೂಡ ಆವಿಯಾಗುತ್ತದೆ. ಉಳಿದ ತೆರವುಗಳ ಮೂಲಕ ಕಾವಿನಲ್ಲಿ ವಿದ್ಯುತ್ತು ಸೋರುತ್ತದೆ. ಅದಕ್ಕಿಂತ ದೊಡ್ಡ ಸೋಜಿಗ ಮತ್ತೊಂದಿದೆ. ಜಗತ್ತಿನ ಬಿಸ್ಮತ್ತಿನಲ್ಲಿ ಹೆಚ್ಚಿನ ಭಾಗವು ಸೀಸ, ಟಂಗ್‌ಸ್ಟನ್ ಮೊದಲಾದವುಗಳ ಅದಿರನ್ನು ಶುದ್ಧಿಮಾಡುವಾಗ ದೊರೆಯುವ ಉಪೋತ್ಪನ್ನ. ಮನೆಯೊಳಗಿಂದ ಸೀಸವನ್ನು ಹೊರಗಟ್ಟಬಹುದು; ಗಣಿಯ ಬಾಗಿಲಲ್ಲಿ ಮಾತ್ರ ಅದರ ಮುಖವನ್ನು ನೋಡಲೇಬೇಕು.